ಕೊಚ್ಚಿಬಂದ ಚಿಪ್ಪು

ನನ್ನ ಬೋಧನಾಭ್ಯಾಸದ ಹನ್ನೊಂದನೇ ಪಾಠ ಪಳೆಯುಳಿಕೆಗಳ ಬಗ್ಗೆ. ಉದಾಹರಣೆಗೆ ಆಸ್ಟ್ರಕಾಡ್ ಆರಿಸಿಕೊಂಡಿದ್ದೆ. ಅದು ಏಡಿ, ಸಿಗಡಿಗಳ ಸಂಬಂಧಿ. ಗಾತ್ರ ಸುಮಾರು 1 ಮಿ.ಮೀ.; ಮೈಗೆ ಸುಣ್ಣದ ಎರಡು ಚಿಪ್ಪು.

ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರಕ್ಕೆ ಅಟ್ಲಾಂಟಿಕ್‌ನ ನೀರು ಬರುವುದು ಬಹುಮಟ್ಟಿಗೆ ನಿಂತಿತು. ನೀರು ಆವಿಯಾಗಿ ತಳದಲ್ಲಿ ಉಪ್ಪಿನ ದಪ್ಪ ಪದರ ಕೂತಿತು. ಅದರ ಮೇಲಿನ ಕೆಸರಿನಲ್ಲಿ ಸಿಪ್ರಿಡೀಸ್ ಎಂಬ ಆಸ್ಟ್ರಕಾಡ್‌ನ ಚಿಪ್ಪುಗಳಿವೆ. ಅದು ಹೆಚ್ಚಾಗಿ ಅಳಿವೆಯಂಥ ಸವಳು ನೀರಿನ ಜೀವಿ. "ಆದ್ದರಿಂದ ಅಲ್ಲಿ ಆಗ ಸವಳು ನೀರಿತ್ತು" ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಮಿಸ್, ಚಿಪ್ಪು ಬೇರೆ ಕಡೆಯಿಂದ ನೀರಲ್ಲಿ ಕೊಚ್ಕೊಂಡು ಬಂದಿದ್ರೆ?"

ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಪಾಠದಲ್ಲಿಲ್ಲ, ಕೂತ್ಕೋ" ಎಂದೆ. ಅವಳು ಕೂತಳು. ಆಮೇಲೆ ಯಾರೂ ಕೈ ಎತ್ತಲಿಲ್ಲ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದರು: "ಇಂದಿನ ಒಳ್ಳೆಯ ಪ್ರಶ್ನೆಯನ್ನು ಕೂರಿಸಿದಿರಿ."

ರಾತ್ರಿ ಓದಿದೆ. ವಿಜ್ಞಾನಿಗಳೂ ಅದನ್ನೇ ಕೇಳುತ್ತಾರೆ. ಆಸ್ಟ್ರಕಾಡ್ ಬೆಳೆಯುವಾಗ ಎಂಟು ಬಾರಿಯವರೆಗೆ ಚಿಪ್ಪು ಕಳಚುತ್ತದೆ. ಮರಿಯ ಚಿಪ್ಪಿನಿಂದ ದೊಡ್ಡದರವರೆಗೆ ಎಲ್ಲ ಗಾತ್ರದವೂ ಒಟ್ಟಿಗೆ ಸಿಕ್ಕರೆ ಅವು ಅಲ್ಲೇ ಬಾಳಿದ್ದವು ಎನ್ನಬಹುದು. ಒಂದೇ ಗಾತ್ರದವು ಸಿಕ್ಕರೆ, ಮೊರದಲ್ಲಿ ಕೇರಿದಂತೆ ನೀರಿನ ಹರಿವು ಬೇರ್ಪಡಿಸಿ ತಂದಿರಬಹುದು.

ಮರುದಿನ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡಿದೆ. ನಿನ್ನೆ ನಾನು ತಪ್ಪಿದ್ದನ್ನೂ ಹೇಳಿದೆ. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ "ಆದ್ದರಿಂದ"ದ ಪಕ್ಕ ಒಂದು ಖಾಲಿ ಸಾಲು ಬಿಡುತ್ತೇನೆ. ಅದು ಮಕ್ಕಳ "ಆದ್ರೆ ಮಿಸ್..."ಗೆ.