ಇಪ್ಪತ್ತಾದ ಮೇಲೆ ಬರ್ತೀನಿ

ಸೋಮವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವವರನ್ನು ನೋಡಬೇಕು. ಸಾಗರ, ಶಿರಸಿ, ದಾವಣಗೆರೆ, ಹುಬ್ಬಳ್ಳಿ, ಎಲ್ಲಿಂದ ಬಂದರೂ ಹೆಗಲಿಗೊಂದು ಬ್ಯಾಗು, ಅದರೊಳಗೆ ಮನೆಯ ಉಪ್ಪಿನಕಾಯಿಯೋ ಚಟ್ನಿಪುಡಿಯೋ. ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರು. 2025ರ ಜನವರಿಯಿಂದ ಸೋಮವಾರದ ಮಟ್ಟಿಗೆ ನಮ್ಮ ಮೆಟ್ರೊ ಐದರ ಬದಲು ನಾಲ್ಕೂಕಾಲಿಗೇ ಹೊರಡತೊಡಗಿತು. ಊರಿಗೆ ಹೋಗಿಬರುವ ನಮ್ಮಂಥವರಿಗಾಗಿ ಇಷ್ಟು ದೊಡ್ಡ ಪಟ್ಟಣ ಮುಕ್ಕಾಲು ಗಂಟೆ ಮುಂಚೆ ಏಳುತ್ತದಲ್ಲ ಎಂದು, ಮೊದಲ ಸಲ ಆ ರೈಲು ಹತ್ತಿದಾಗ ನನಗೆ ಗಂಟಲು ಕಟ್ಟಿಬಂದಿತ್ತು.

ಸಾಗರದಲ್ಲಿ ಬಿ.ಕಾಂ. ಮುಗಿಸಿ ವಿಜಯನಗರದ ಒಂದು ಆಡಿಟರ್ ಆಫೀಸು ಸೇರಿದವಳು ನಾನು. ಪೀಜಿ ಊಟ, ಒಂದೇ ಕೋಣೆಯಲ್ಲಿ ಮೂರು ಮಂಚ, ಬಿಸಿನೀರಿಗೆ ಸರದಿ, ಇವೆಲ್ಲ ತಿಂಗಳೊಳಗೆ ರೂಢಿಯಾದವು. ರೂಢಿಯಾಗದೆ ಕಾಡಿದ್ದು ದಿನಗಳ ಲೆಕ್ಕ. ಸೆಮಿಸ್ಟರ್ ಎಷ್ಟೇ ಕೆಟ್ಟದಾಗಿದ್ದರೂ ಒಂದು ದಿನ ಮುಗಿಯುತ್ತಿತ್ತು. ಅಂಕಪಟ್ಟಿ ಕೈಗೆ ಬರುತ್ತಿತ್ತು, ಹಳೆಯ ನೋಟ್ಸು ಕಟ್ಟಿ ಅಟ್ಟಕ್ಕೆ ಹಾಕಿದರೆ ಮತ್ತೆ ಹೊಸದು ಶುರು. ಆಫೀಸಿನಲ್ಲಿ ಹಾಗಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 14ಕ್ಕೆ ಕೊಂಡವರ ಕ್ರೆಡಿಟ್ ಪಟ್ಟಿ 2ಬಿ ಬರುತ್ತದೆ, ಅದನ್ನು ತಾಳೆ ನೋಡಿ 20ಕ್ಕೆ ತೆರಿಗೆ ಕಟ್ಟುವ 3ಬಿ. ಉಸಿರು ಬಿಡುವಷ್ಟರಲ್ಲಿ ಮುಂದಿನ 7 ಬಾಗಿಲಲ್ಲಿ. ಪಾಸಾದೆ ಎಂದು ಹೇಳುವವರು ಯಾರೂ ಇಲ್ಲ.

ಮೂರನೆಯ ತಿಂಗಳು ಒಂದು ತಪ್ಪು ಮಾಡಿದೆ. ನಮ್ಮಲ್ಲಿ ಲೆಕ್ಕ ಬರೆಸುವ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಕಂಟ್ರಾಕ್ಟರಿಗೆ ಒಂದು ಲಕ್ಷದ ಪೇಂಟ್ ಮಾರಿದ್ದರು, ತೆರಿಗೆ 18,000. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಹೆಚ್ಚುಕಮ್ಮಿ ಒಂದೇ ಹೆಸರಿನ ಇಬ್ಬರು ಪಾರ್ಟಿಗಳಿದ್ದರು. ಬಿಲ್ಲನ್ನು ನಾನು ಇನ್ನೊಬ್ಬರ ಹೆಸರಿಗೆ ಹಾಕಿದೆ. ರಿಟರ್ನ್ ಹೋಯಿತು. 14ನೆಯ ತಾರೀಕು ಕಂಟ್ರಾಕ್ಟರರ ಲೆಕ್ಕದಲ್ಲಿ ಆ ತೆರಿಗೆ ಕಾಣಲಿಲ್ಲ. ಕಾಣದಿದ್ದರೆ ಅವರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ. ಅಂಗಡಿಗೆ ಕೊಡಬೇಕಾದುದರಲ್ಲಿ ಅವರು ಅಷ್ಟು ದುಡ್ಡು ಹಿಡಿದುಕೊಂಡರು.

ಅಂಗಡಿ ಯಜಮಾನರು ಆಫೀಸಿಗೆ ಬಂದರು. ಬೈಯುತ್ತಾರೆಂದು ನಾನು ಕೈ ಹಿಸುಕಿಕೊಂಡು ನಿಂತಿದ್ದೆ. ಅವರು ಕುರ್ಚಿಯಲ್ಲಿ ಕುಳಿತು, ಅಂಗಿ ಜೇಬಿನಿಂದ ನಾಲ್ಕಾಗಿ ಮಡಚಿದ ಬಿಲ್ಲಿನ ಕಾಪಿ ತೆಗೆದು ಮೇಜಿನ ಮೇಲೆ ಅಂಗೈಯಿಂದ ನೀವಿ ನೀವಿ ಸಾಪು ಮಾಡಿದರು. ಉಗುರಿನ ಸಂದಿಯಲ್ಲಿ ಹಸಿರು ಪೇಂಟ್ ಒಣಗಿತ್ತು. "ಪಾರ್ಟಿ ಹದಿನೆಂಟು ಸಾವಿರ ಹಿಡ್ಕೊಂಡವ್ರೆ ಕಣಮ್ಮಾ. ನಂ ಹುಡುಗ್ರಿಗೆ ಸಂಬಳ ಕೊಡೋ ಟೈಮು" ಎಂದರು. ಅಷ್ಟೇ.

ನನ್ನ ಪಕ್ಕದ ಮೇಡಂ ರಾತ್ರಿ ಎಂಟೂವರೆಯವರೆಗೆ ನನ್ನೊಡನೆ ಕೂತು ಮೂರು ತಿಂಗಳ ಬಿಲ್ಲುಗಳನ್ನೆಲ್ಲ ಮತ್ತೆ ತಾಳೆ ನೋಡಿದರು. ತಪ್ಪಿದ ಹೆಸರನ್ನು ಮುಂದಿನ ತಿಂಗಳ ರಿಟರ್ನ್‌ನಲ್ಲಷ್ಟೇ ತಿದ್ದಬಹುದು. ಅಲ್ಲಿಯವರೆಗೆ ಆ ಮನುಷ್ಯ ಕಾಯಲೇಬೇಕು. ಪರೀಕ್ಷೆಯಲ್ಲಿ ಎರಡಂಕದ ಲೆಕ್ಕ ತಪ್ಪಿದರೆ ನನ್ನ ಎರಡಂಕ ಹೋಗುತ್ತಿತ್ತು. ಇಲ್ಲಿ ನನ್ನ ತಪ್ಪಿಗೆ ಅಂಗಡಿ ಹುಡುಗರ ಸಂಬಳ ನಿಂತಿತು. ಮೂರು ವರ್ಷ ಓದಿಸುವ ಕಾಲೇಜು ಒಂದು ತಿಂಗಳಾದರೂ ಮಕ್ಕಳನ್ನು ಹೀಗೆ ಯಾರದೋ ನಿಜವಾದ ಲೆಕ್ಕದ ಮುಂದೆ ಕೂರಿಸಬೇಕು ಎಂದು ಆ ರಾತ್ರಿ ಪೀಜಿಗೆ ನಡೆಯುತ್ತಾ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಅಂದಿನಿಂದ 11 ಎಂಬ ಸಂಖ್ಯೆ ಕಂಡಾಗ ನನಗೆ ನೆನಪಾಗುವುದು ಆ ಹಸಿರು ಉಗುರು. ದಿನಗಳು ಮುಗಿಯುವುದಿಲ್ಲವಲ್ಲ ಎಂಬ ಸಂಕಟವೂ ಮೆಲ್ಲಗೆ ಇಳಿಯಿತು. ಪ್ರತಿ ತಾರೀಕಿನ ಹಿಂದೆ ಒಬ್ಬೊಬ್ಬರು ಕಾಣತೊಡಗಿದ್ದರು.

ಮುಂದಿನ ತಿಂಗಳು ದುಡ್ಡು ಬಂತು. ಯಜಮಾನರು ಫೋನು ಮಾಡಿ "ಬಂತಮ್ಮಾ" ಎಂದರು.

ಅಮ್ಮ ಮೊದಲೆಲ್ಲ ಫೋನಿನಲ್ಲಿ "ರಜಾ ಯಾವಾಗ?" ಎಂದು ಕೇಳುತ್ತಿದ್ದಳು. "ಇಪ್ಪತ್ತಾದ ಮೇಲೆ ಬರ್ತೀನಿ" ಎನ್ನುತ್ತಿದ್ದೆ. ಹೋದ ಸಲ ಊರಿಗೆ ಹೋದಾಗ ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಬರೆಯುವುದು ಅಲ್ಲೇ. ನನ್ನ ಪರೀಕ್ಷೆಯ ದಿನಗಳನ್ನೂ ಅಲ್ಲೇ ಬರೆದಿಡುತ್ತಿದ್ದಳು. ಈಗ ಡಿಸೆಂಬರಿನವರೆಗೆ ಪ್ರತಿ ಹಾಳೆಯಲ್ಲೂ 20ರ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದಳು.