ಕುಣಿ ತೋಡುವ ಮನೆತನ

ನಮ್ಮ ಕಡೆ ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಬೀಗರಿಗಿಂತ ಮೊದಲೇ ಸುದ್ದಿ ಮುಟ್ಟುವುದು ಕುಣಿ ತೋಡುವವರ ಮನೆಗೆ. ಅಜ್ಜ ತೋಡಿದ, ಮಗ ತೋಡಿದ, ಈಗ ಮೊಮ್ಮಗ. ಬೀದರಿನ ಸುತ್ತ ಕೆಂಪು ಜಂಬಿಟ್ಟಿಗೆ ನೆಲ, ಹಾರೆ ಹಾಕಿದರೆ ಕೈ ಜುಮ್ಮೆನ್ನುತ್ತದೆ. ಭಾಲ್ಕಿ, ಔರಾದ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಬಿರಿದ ಹೆಂಟೆ, ಮಳೆಗಾಲದಲ್ಲಿ ಸಲಿಕೆ ಬಿಡದ ಜಿಗುಟು. ಲಿಂಗಾಯತರಲ್ಲಿ ದೇಹವನ್ನು ಕೂರಿಸಿ ಹೂಳುತ್ತಾರಲ್ಲ, ಅದಕ್ಕೆ ಕುಣಿಯೊಳಗೆ ಒಂದು ಬದಿಗೆ ಗೂಡು ಕೊರೆಯಬೇಕು. ಹಸಿ ಮಣ್ಣಿನಲ್ಲಿ ಅದು ಕುಸಿಯದಂತೆ ಕೊರೆಯುವುದು ಅಪ್ಪನ ಪಕ್ಕ ನಿಂತೇ ಕಲಿಯುವ ವಿದ್ಯೆ.

ಬೀದರ ಪಕ್ಕದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗುಮ್ಮಟವಿದೆ. ಅವನನ್ನು ಅಲ್ಲಮಪ್ರಭು ಎಂದೇ ನಂಬಿ, ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ತಲೆತಲಾಂತರದಿಂದ ಉರುಸಿಗೆ ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಒಂದು ಗೋರಿಯ ಸೇವೆಗೆ ಎಷ್ಟೊಂದು ಮರ್ಯಾದೆ! ಸಂತೋಷವೇ.

ಆದರೆ ನಮ್ಮಪ್ಪ, ನಮ್ಮವ್ವನಿಗೆ ಕುಣಿ ತೋಡಿದವನ ಕೂಲಿಗೆ ಮಣ್ಣಿನ ದಿನವೇ ಚೌಕಾಶಿ ಮಾಡುತ್ತೇವೆ. ಕೈಕಾಲು ತೊಳೆಯಲು ನೀರು ಕೇಳಿದರೆ ದೂರದಿಂದ ಹೊಯ್ಯುತ್ತೇವೆ. ಶರಣರ ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಇದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಕೇಳಿದಷ್ಟು ಕೂಲಿ ಕೊಡಿ, ಪಂಕ್ತಿಯಲ್ಲಿ ಕೂರಿಸಿ ಊಟಕ್ಕೆ ಬಡಿಸಿ. ಮೊಮ್ಮಗ ಓದಿ ಬೇರೆ ಕೆಲಸ ಹಿಡಿದರೆ ತಡೆಯಬೇಡಿ. ಆಗ ನಮ್ಮ ಮನೆಯ ಹುಡುಗರೇ ಹಾರೆ ಹಿಡಿಯಲಿ.