ಮೊಮ್ಮಗಳ ಮೊದಲ ತಿಂಗಳುಗಳು

ಶಿಶುವು ಮೊದಲು ನಕ್ಕುದು ಎಂದು, ಮಗ್ಗುಲಾದುದು ಎಂದು, ತಾನಾಗಿ ಕುಳಿತುದು ಎಂದು ಎಂಬ ಸಂಗತಿಗಳನ್ನು ತಾಯಂದಿರು ಬಲ್ಲರು; ತಂದೆಗಳು ಕೇಳಿ ತಿಳಿಯುತ್ತಾರೆ. ನಾವು ಕೇಳಿ ತಿಳಿಯುವಷ್ಟನ್ನೂ ಮಾಡಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ನಮ್ಮ ಮಗಳು ಹುಟ್ಟಿದುದು 1995ರಲ್ಲಿ. ಆಗ ನಾವು ಅಫಜಲಪುರ ತಾಲೂಕಿನಲ್ಲಿ, ಭೀಮಾತೀರದ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದೆವು. ತಾಯಿ ಮಗಳಿಬ್ಬರೂ ಆಳಂದದ ಮನೆಯಲ್ಲಿ ಹಿರಿಯರೊಡನೆ ಇದ್ದರು. ಶನಿವಾರ ಸಾಯಂಕಾಲ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೊರಡುವವರಿಗೆ ಕೂಸು ಕಾಣುತ್ತಿದ್ದುದು ತೊಟ್ಟಿಲಲ್ಲಿ ಮಲಗಿದ್ದಾಗ ಮಾತ್ರ. ಅದೂ ಅಲ್ಲದೆ, ಹಿರಿಯರೆದುರಿನಲ್ಲಿ ತಂದೆಯಾದವನು ತನ್ನ ಕೂಸನ್ನೆತ್ತಿ ಆಡಿಸುವುದು ನಮ್ಮ ಮನೆಯಲ್ಲಿ ಮರ್ಯಾದೆಯೆನಿಸುತ್ತಿರಲಿಲ್ಲ. ಪರರ ಮಕ್ಕಳಿಗೆ ಬಾಲಶಬ್ದದ ವಿಭಕ್ತಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನಮಗೆ ಸ್ವಂತ ಮನೆಯ ಬಾಲೆಯು ಎಂದು ಹೆಜ್ಜೆಯಿಟ್ಟಳೆಂಬುದು ತಿಳಿಯದು.

ಆ ಮಗಳು ಜೇವರ್ಗಿಯ ಮನೆಯೊಂದರ ಸೊಸೆಯಾಗಿ, ಕುಬಸದ ತರುವಾಯ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದಳು. ವೈದ್ಯರು 2025ರ ಮಾರ್ಚ್ ನಡುವಿನ ದಿನವನ್ನು ಹೇಳಿದ್ದರು. ಆದರೆ ಫೆಬ್ರವರಿಯ ಮೊದಲ ವಾರದಲ್ಲಿಯೇ, ಆರು ವಾರ ಮುಂಚಿತವಾಗಿ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಕ್ರಿಯೆಯಿಂದ ಹೆಣ್ಣು ಕೂಸು ಹುಟ್ಟಿತು. ತೂಕ 1 ಕಿಲೋ 750 ಗ್ರಾಮು. ಉದ್ದ ಒಂದು ಮೊಳವೂ ತುಂಬದು.

ಜಾತಕರ್ಮದಲ್ಲಿ ಶಿಶುವಿಗೆ ಬಂಗಾರ ತೇಯ್ದ ಜೇನುತುಪ್ಪ ಘೃತಗಳನ್ನು ನೆಕ್ಕಿಸಬೇಕೆಂದು ಗೃಹ್ಯಸೂತ್ರಗಳು ವಿಧಿಸುತ್ತವಷ್ಟೆ. ನಾವು ಜೇನಿನ ಸೀಸೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆವು. ಅದನ್ನು ಹೊರತೆಗೆಯುತ್ತಲೇ ಶುಶ್ರೂಷಕಿಯು ತಡೆದು, "ವರ್ಷ ತುಂಬೂತನಕ ಜೇನು ಬಾಯಿಗೆ ಮುಟ್ಟಿಸಬ್ಯಾಡ್ರಿ, ಮಾಸ್ತರ" ಎಂದಳು. ನಮಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳ ವಯಸ್ಸಿನವಳು ನಮಗೆ ವಿಧಿನಿಷೇಧಗಳನ್ನು ಹೇಳಬಂದಳೆ! ಆಮೇಲೆ ವೈದ್ಯರು ಬಂದು ತಿಳಿಯಹೇಳಿದರು. ಬೊಟುಲಿಸಮ್ ಎಂಬ ರೋಗದ ಬೀಜಾಣುಗಳು ಜೇನಿನಲ್ಲಿ ಇರಬಹುದಂತೆ. ದೊಡ್ಡವರ ಕರುಳಿನಲ್ಲಿ ಅವುಗಳಿಗೆ ಸಾಮಾನ್ಯವಾಗಿ ಎಡೆ ಸಿಕ್ಕುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನು ಹುಟ್ಟಿಸಿ, ಸ್ನಾಯುಗಳನ್ನು ಸಡಿಲಗೊಳಿಸಿ, ಉಸಿರನ್ನೇ ನಿಲ್ಲಿಸಬಹುದಂತೆ. ಸೂತ್ರಕಾರರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ನಾವು ಮಂತ್ರವನ್ನು ಮಾತ್ರ ಕೂಸಿನ ಕಿವಿಯಲ್ಲಿ ಹೇಳಿ, ಸೀಸೆಯನ್ನು ಮತ್ತೆ ಚೀಲದೊಳಗಿಟ್ಟೆವು.

ಕೂಸಿಗೆ ಮೈಯ ಕಾವು ನಿಲ್ಲುತ್ತಿರಲಿಲ್ಲ. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಹೋದಾಗ, ಅಲ್ಲಿಯ ವೈದ್ಯರು ಅಕಾಲಜನ್ಯ ಶಿಶುಗಳನ್ನು ತಾಯಿಯ ಬರಿಯೆದೆಗೆ ಕಟ್ಟಿ ಬದುಕಿಸುವ ಪದ್ಧತಿಯನ್ನು ತೊಡಗಿಸಿದರು. ಕಾಂಗರೂ ಪ್ರಾಣಿಯು ಮರಿಯನ್ನು ಚೀಲದಲ್ಲಿ ಹೊರುವುದರಿಂದ ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರು. ಹುಟ್ಟಿದೊಡನೆಯೇ ಇದನ್ನು ಆರಂಭಿಸಿ, ದಿನಕ್ಕೆ 8ರಿಂದ 24 ತಾಸು ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಲಹೆ ಮಾಡಿದೆ. ನಮ್ಮ ಮಗಳಿಗೋ ಮೂರನೆಯ ದಿನ ಜ್ವರವೇರಿತು. ಅಳಿಯಂದಿರು ಎರಡು ರಾತ್ರಿ ಕೂಸನ್ನು ಹೊತ್ತು ಕುಳಿತು ದಣಿದಿದ್ದರು. ನಮ್ಮ ಗೃಹಿಣಿಯು ಮಗಳ ಹಾಸಿಗೆಯನ್ನು ಬಿಟ್ಟು ಏಳುವಂತಿರಲಿಲ್ಲ. ಶುಶ್ರೂಷಕಿಯು ನಮ್ಮ ಕಡೆ ತಿರುಗಿ, "ಅಂಗಿ ತೆಗೀರಿ, ಮಾಸ್ತರ" ಎಂದಳು.

ಅರುವತ್ತರ ಹತ್ತಿರದ ನಾವು, ಸೊಸೆಯಂದಿರೂ ಅಪರಿಚಿತ ಹೆಂಗಸರೂ ಓಡಾಡುವ ಸ್ಥಳದಲ್ಲಿ ಅಂಗಿ ಕಳಚಿ ಒರಗುಕುರ್ಚಿಯಲ್ಲಿ ಕುಳಿತೆವು. ಕುಲಾವಿ ತೊಟ್ಟ ಆ ಜೀವವನ್ನು ಕಪ್ಪೆಯ ಹಾಗೆ ಕೈಕಾಲು ಮಡಿಸಿ ನಮ್ಮ ಎದೆಯ ಮೇಲಿಟ್ಟು ಬಟ್ಟೆಯಿಂದ ಬಿಗಿದರು. ಮೊದಲ ತಾಸು ನಾವು ಉಸಿರಾಡಲೂ ಅಂಜಿದೆವು. ಅದರ ಉಸಿರು ನಾಲ್ಕಾರು ಸಲ ತ್ವರೆಯಾಗಿ ನಡೆದು ಗಳಿಗೆ ನಿಲ್ಲುವುದು. ನಿಂತಾಗ ನಮ್ಮದೂ ನಿಲ್ಲುವುದು. ಎರಡು ತಾಸಿಗೊಮ್ಮೆ ಒಳಲೆಯಿಂದ ತಾಯಿಯ ಹಾಲನ್ನು ಹನಿಹನಿಯಾಗಿ ಹಾಕುತ್ತಿದ್ದರು. ಹೀಗೆ ಆರು ರಾತ್ರಿಗಳು. ಅಮರಕೋಶವನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತ ಕುಳಿತಿರುತ್ತಿದ್ದೆವು. ಕೂಸಿಗಾಗಿ ಅಲ್ಲ, ನಮಗೆ ನಿದ್ರೆ ಬಾರದಿರಲೆಂದು.

ಆಳಂದಕ್ಕೆ ಬಂದ ಮೇಲೆ ಬೇಸಗೆಯ ತಾಪತ್ರಯ. ನಮ್ಮ ಸೀಮೆಯಲ್ಲಿ ಉಷ್ಣವು 40 ಡಿಗ್ರಿ ದಾಟುವ ದಿನಗಳವು. ನೆರೆಯ ಹೆಂಗಸರು ಬಂದು, ಕೂಸಿನ ಗಂಟಲು ಒಣಗುತ್ತದೆ, ಒಂದು ಗುಟುಕು ನೀರು ಹಾಕಿರೆಂದು ಮರುಗುವರು. ಎದೆಹಾಲಿನ ನೂರರಲ್ಲಿ ಸುಮಾರು 88 ಭಾಗ ನೀರೇ ಇರುವುದರಿಂದ ಬೇರೆ ನೀರು ಬೇಡವೆಂದು ನಾವೇ ಅವರಿಗೆ ಉಪದೇಶಿಸುತ್ತಿದ್ದೆವು. ಸೀಸೆಯ ಪ್ರಸಂಗವನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಏಪ್ರಿಲ್ ಕಳೆದರೂ ಕೂಸು ನಗಲಿಲ್ಲ. ಅದೇ ವಾರ ಹುಟ್ಟಿದ ಓಣಿಯ ಕೂಸೊಂದು ಮುಖ ನೋಡಿ ನಗುತ್ತಿದ್ದಿತು. ಮಗಳು ರಾತ್ರಿ ದೀಪ ಹಿಡಿದು ಕೂಸಿನ ಮುಖವನ್ನು ನೋಡುತ್ತ ಕೂಡುವಳು. ಒಂದು ದಿನ, "ಅಪ್ಪಾ, ನಾ ಎಷ್ಟು ತಿಂಗಳಿಗೆ ನಕ್ಕಿದ್ದೆ?" ಎಂದು ಕೇಳಿದಳು. ನಾವು ಸುಮ್ಮನಾದೆವು. ಒಳಗಿನಿಂದ ಅವಳ ತಾಯಿ, "ಅವರಿಗೇನು ಗೊತ್ತು ಬಿಡವ್ವಾ. ತೊಗರಿ ರಾಶಿ ನಡದಿತ್ತು, ಆವಾಗ ನಕ್ಕಿ" ಎಂದಳು. ಮಗಳು ಮತ್ತೇನನ್ನೂ ಕೇಳಲಿಲ್ಲ.

ವೈದ್ಯರಲ್ಲಿಗೆ ಹೋದೆವು. ಅಕಾಲದಲ್ಲಿ ಹುಟ್ಟಿದ ಶಿಶುವಿನ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಅದರ ಬೆಳವಣಿಗೆಯನ್ನು ಅಳೆಯಬೇಕು. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ ಎಂದು ಅವರು ಹೇಳಿದರು. ಹಾಗೆ ನೋಡಿದರೆ ಅದಕ್ಕಿನ್ನೂ ಏಳು ವಾರ. ಇದಾದ ನಾಲ್ಕನೆಯ ದಿನ ಬೆಳಗ್ಗೆ, ಎಣ್ಣೆಯೊತ್ತಿಸಿಕೊಳ್ಳುವಾಗ ಅಜ್ಜಿಯ ಮುಖ ನೋಡಿ ಕೂಸು ನಕ್ಕಿತು. ನಾವು ಪಕ್ಕದಲ್ಲಿಯೇ ಇದ್ದೆವು. ಪಂಚಾಂಗದ ಅಂಚಿನಲ್ಲಿ ಬರೆದಿಟ್ಟೆವು.

ಆರನೆಯ ತಿಂಗಳಿಗೆ ಅನ್ನಪ್ರಾಶನವೆಂದು ಮನುಸ್ಮೃತಿಯೂ, ಆರು ತಿಂಗಳವರೆಗೆ ಎದೆಹಾಲೊಂದೇ ಸಾಕೆಂದು ವೈದ್ಯರೂ ಹೇಳುವುದನ್ನು ಕಂಡು ನಮ್ಮ ಪಾಂಡಿತ್ಯವು ತುಸು ತಲೆಯೆತ್ತಿತು. ಶ್ರಾವಣ ಕಳೆದ ಮೇಲೆ ತಾಯಿ ಮಗು ಜೇವರ್ಗಿಗೆ ಹೋದರು.

ಸಪ್ಟಂಬರ್ ಕೊನೆಯಲ್ಲಿ ಕೂಸನ್ನು ನೋಡಲು ನಾವು ಹೊರಡುವವರಿದ್ದೆವು. ಅಷ್ಟರಲ್ಲಿ ಭೀಮೆಯು ಉಕ್ಕಿ, ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತು. ಹೊರಡಬೇಡಿರೆಂದು ಅಳಿಯಂದಿರು ದೂರವಾಣಿಯಲ್ಲಿ ತಿಳಿಸಿದರು. ಅದರೊಡನೆಯೇ, ಕೂಸು ನಿನ್ನೆ ಆಸರೆಯಿಲ್ಲದೆ ಕುಳಿತಿತೆಂದೂ ಹೇಳಿದರು. ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿರುವಂತೆ, ಆರೋಗ್ಯವಂತ ಮಕ್ಕಳು ಹೀಗೆ ಕೂಡುವುದು 3.8ರಿಂದ 9.2 ತಿಂಗಳೊಳಗೆ. ಸರಿಯಾದ ಕಾಲಕ್ಕೇ ಕುಳಿತಿದ್ದಳು. ನಾವು ಮಾತ್ರ ಮತ್ತೆ ಹೊಳೆಯ ಈಚೆ.

ನೀರಿಳಿದ ಮೇಲೆ ಹೋದೆವು. ಕೌದಿಯ ಮೇಲೆ ಕುಳಿತಿದ್ದ ಕೂಸು ನಮ್ಮನ್ನು ದಿಟ್ಟಿಸಿ ನೋಡಿ, ತುಟಿಯನ್ನು ಸೊಟ್ಟಗೆ ಮಾಡಿ, ಗಟ್ಟಿಯಾಗಿ ಅತ್ತುಬಿಟ್ಟಿತು. ಆರು ರಾತ್ರಿ ಹೊತ್ತ ಎದೆಯ ಗುರುತೂ ಅದಕ್ಕೆ ಉಳಿದಿರಲಿಲ್ಲ. "ಬ್ಯಾರೆಯವರು ಯಾರಂತ ತಿಳಿಲಿಕ್ಕೆ ಹತ್ಯಾದ್ರಿ, ಬುದ್ಧಿ ಬಂದದ" ಎಂದು ನಮ್ಮ ಗೃಹಿಣಿಯು ನಕ್ಕಳು. ಮಗಳು ನಮ್ಮ ಕಿಸೆಯಿಂದ ಪಂಚಾಂಗವನ್ನು ತಾನೇ ತೆಗೆದುಕೊಂಡು, ಸಪ್ಟಂಬರ್ ಪುಟವನ್ನು ಹುಡುಕಿ, ಕುಳಿತ ದಿನವನ್ನು ತನ್ನ ಕೈಯಿಂದ ಬರೆದುಕೊಟ್ಟಳು.